ಕಿಟಕಿಯಲ್ಲಿ ವೆಲ್ಮಾ

"ಪರದೆ ಬರಿ ಅಂದ್ರೆ ಹೆಣದ ಬಟ್ಟೆ ಬರ್ದಿದೀಯಲ್ಲೇ ಮುದುಕಿ! ಬಿಳೀದು ಬಳ್ದು ಅಳಿಸಿ ಮತ್ತೆ ಬರಿ! ಒಳಗೆ ಜನ ಇದಾರೆ ಅನ್ನಿಸ್ಬೇಕು!"

ಮೇಸ್ತ್ರಿ ಬ್ರಾಡ್ಲಿ ಅಷ್ಟು ಕೂಗಿದರೂ ಅರ್ಲೀನ್ ಕುಂಚ ನಿಲ್ಲಿಸಲಿಲ್ಲ. "ಇದ್ದ ಜನಾನ ಇರೋಕೆ ಬಿಟ್ಟಿದ್ರೆ ಇಷ್ಟು ಬಣ್ಣ ಹಾಳಾಗ್ತಿರ್ಲಿಲ್ಲ ಕಣಪ್ಪಾ," ಎಂದಳು.

ಅಮೆರಿಕದ ಓಹಾಯೊ ರಾಜ್ಯದ ಆ ಬೀದಿಯ ಅರ್ಧಕ್ಕರ್ಧ ಮನೆಗಳನ್ನು ಬ್ಯಾಂಕುಗಳು ಜಪ್ತಿ ಮಾಡಿ ಮರೆತುಬಿಟ್ಟಿದ್ದವು. ಕಳ್ಳರು ತಾಮ್ರದ ಪೈಪುಗಳನ್ನೂ ಕಿತ್ತುಕೊಂಡು ಹೋದ ಮೇಲೆ, ಬೀದಿಗೆ ಜೀವ ತುಂಬಲು ಸರ್ಕಾರದ ಹಣ ಬಂತು. ಸೋರುವ ಸೂರುಗಳು ಸೋರುತ್ತಲೇ ಇದ್ದವು. ಶುಕ್ರವಾರ ದೊಡ್ಡವರು ನೋಡಲು ಬರುತ್ತಾರೆಂದು, ಒಡೆದ ಕಿಟಕಿಗಳಿಗೆ ಹಲಗೆ ಹೊಡೆದು ಅದರ ಮೇಲೆ ಪರದೆ, ಹೂಕುಂಡ, ಬೆಕ್ಕು ಬರೆಸುವುದು ಮೊದಲು ಶುರುವಾಯಿತು. ಬೀದಿಯವರಿಗೇ ಆ ಕೂಲಿ ಸಿಕ್ಕಿತು.

ಅರ್ಲೀನ್ ಈಗ ಬಣ್ಣ ಬಳಿಯುತ್ತಿದ್ದ ಮನೆ ಅವಳ ಅಕ್ಕ ವೆಲ್ಮಾಳದು. ಪೊಲೀಸರು ಅವಳ ಒಲೆ, ಮಂಚಗಳನ್ನು ಹಿಮದಲ್ಲಿ ಎಸೆದು ಎರಡು ವರ್ಷವಾಗಿತ್ತು. ಅಂದಿನಿಂದ ಅವಳು ತಂಗಿಯ ಮನೆಯ ಸೋಫಾದ ಮೇಲೆ ಮಲಗುತ್ತಿದ್ದಳು.

ಮೇಸ್ತ್ರಿ ಊಟಕ್ಕೆ ಹೋದ. ಅರ್ಲೀನ್ ಬೆಕ್ಕಿನ ಜಾಗದಲ್ಲಿ ವೆಲ್ಮಾಳನ್ನೇ ಬರೆದಳು: ಚರ್ಚಿಗೆ ಹಾಕುವ ನೇರಳೆ ಟೋಪಿ, ಎದೆಗೆ ಕಟ್ಟಿದ ಕೈ, ಬೀದಿಯತ್ತ ಬಿರುಗಣ್ಣು.

ಸುದ್ದಿ ಕೇಳಿ ವೆಲ್ಮಾ ಬಂದಳು. "ಥೂ ಕತ್ತೆ, ನನ್ನ ಮೂಗು ಇಷ್ಟು ದಪ್ಪ ಇದೆಯೇನೇ?"

"ಬಣ್ಣ ಉಳಿಸೋಕೆ ಸಣ್ಣದು ಮಾಡಿದೀನಿ ಅಕ್ಕಾ."

ಕೂಲಿಯವರೆಲ್ಲ ನಕ್ಕರು. ವೆಲ್ಮಾಳೂ ನಕ್ಕಳು. ನಗುತ್ತಲೇ ಮೆಟ್ಟಿಲು ಹತ್ತಿ ಬಾಗಿಲ ಹಿಡಿ ತಿರುಗಿಸಿ ನೋಡಿದಳು. ಅದು ತಿರುಗಲಿಲ್ಲ. ಕೆಳಗಿಳಿದಳು.

ಅಷ್ಟರಲ್ಲಿ ಬ್ರಾಡ್ಲಿ ಬಂದ. "ಕಿಟಕೀಲಿ ಯಾವಳೇ ಇವಳು? ಅಳಿಸೇ ಬೋಳಿಮಗಳೇ!"

"ಜನ ಬೇಕು ಅಂದ್ಯಲ್ಲ ಸಾಮಿ."

ಅವನೇ ಬಿಳಿ ಬಣ್ಣದ ಡಬ್ಬದಲ್ಲಿ ಕುಂಚ ಅದ್ದಿ ಕಿಟಕಿಯತ್ತ ನುಗ್ಗಿದ. ಅರ್ಲೀನ್ ಹಲಗೆಗೆ ಬೆನ್ನು ಕೊಟ್ಟು ನಿಂತಳು. ಹಸಿ ಬಣ್ಣ ಅವಳ ಅಂಗಿಗೆ ಅಂಟಿತು.

"ಹೋದ ಸಲ ಅಕ್ಕನ್ನ ಖಾಲಿ ಮಾಡ್ಸೋವಾಗ ನೋಟಿಸಾದ್ರೂ ಕೊಟ್ಟಿದ್ರು," ಎಂದಳು. "ನಿನ್ನದೆಲ್ಲಿ, ತೋರ್ಸು?"

ಬ್ರಾಡ್ಲಿಯ ಕುಂಚದಿಂದ ಬಣ್ಣ ಅವನ ಬೂಟಿನ ಮೇಲೆ ತೊಟ್ಟಿಕ್ಕಿತು. ಯಾರೋ ಕಿಸಕ್ಕೆಂದರು. ಎದುರು ಮನೆ ಕಳೆದುಕೊಂಡಿದ್ದ ಮುದುಕ ರೂಫಸ್ ಮೆಲ್ಲನೆ ಬಂದು ಬ್ರಾಡ್ಲಿಯ ಕಾಲ ಬಳಿಯ ಡಬ್ಬ ಎತ್ತಿಕೊಂಡು ರಸ್ತೆ ದಾಟಿದ.

"ನಮ್ಮನೇಲಿ ಏಳು ಜನ ಇದ್ವಿ ಕಣ್ರೋ," ಎಂದ. "ಕಿಟಕಿ ಸಾಲಲ್ಲ, ಬಾಗಿಲ ಮೇಲೂ ಬರೀಬೇಕು. ಯಾರಾದ್ರೂ ಏಣಿ ತನ್ನಿ."