ಹಗ್ಗ ಮುಟ್ಟಿದವರು

"ಎಲ್ಲಿ, ಬೆರಳು ತೋರ್ಸೇ," ಎಂದು ಆಶಾ ಕಾವ್ಯಳ ಎಡಗೈಯನ್ನು ಹಿಡಿದೆಳೆದಳು. ಮತ ಹಾಕಿ ಮೂರು ದಿನವಾಗಿದ್ದರೂ ತೋರುಬೆರಳಿನ ಉಗುರ ಮೇಲೆ ಕಪ್ಪು ಗೆರೆ ಹಾಗೇ ಇತ್ತು.

"ನಮ್ಮ ಇಡೀ ಕ್ಲಾಸಿಗೆ ಇರೋದು ಇದೊಂದೇ ಓಟು ನೋಡ್ರಪ್ಪಾ," ಎಂದು ಬಾಲರಾಜು ಸಾರಿದ. "ಅಜ್ಜಿಗೆ ಮೊದ್ಲು ಮಿರ್ಚಿ ಕೊಡ್ರಿ."

ಕಾವ್ಯ ನಕ್ಕು ಕೈ ಎಳೆದುಕೊಂಡಳು. ಹತ್ತನೇ ತರಗತಿ ಮುಗಿದ ಮೇಲೆ ಎರಡು ವರ್ಷ ಅವಳು ತಮ್ಮ ಹಟ್ಟಿಯಲ್ಲೇ ಉಳಿದು ಮನೆಯ ಕುರಿಗಳ ಹಿಂದೆ ತಿರುಗಿದ್ದಳು. ಆಮೇಲೆ ಚಳ್ಳಕೆರೆಯ ಕಾಲೇಜು ಸೇರಿದ್ದರಿಂದ ಉಳಿದವರಿಗಿಂತ ಎರಡು ವರ್ಷ ದೊಡ್ಡವಳು. ಗೆಳತಿಯೊಬ್ಬಳ ಮನೆಗೆ ಅವಳು ಬಂದದ್ದು ಇದೇ ಮೊದಲು. ಶೈಲಜಾಳ ಮನೆ ಅವಳ ಅಪ್ಪನ ಎಣ್ಣೆ ಮಿಲ್ಲಿನ ಹಿಂದೆಯೇ ಇತ್ತು. ಪರದೆ, ದಿಂಬು, ಗೋಡೆಯ ಕ್ಯಾಲೆಂಡರು ಎಲ್ಲದರಲ್ಲೂ ಬಿಸಿ ಶೇಂಗಾ ಎಣ್ಣೆಯ ವಾಸನೆ. ಕಾವ್ಯ ಸೋಫಾದಿಂದ ಜಾರಿ ಚಾಪೆಯ ಮೇಲೆ ಕುಳಿತಳು. ಅಲ್ಲಿಂದ ಎಲ್ಲರ ಮುಖವೂ ಕಾಣುತ್ತಿತ್ತು.

ಟೀವಿಯಲ್ಲಿ ಬೆಳಗಿನಿಂದ ಓಡುತ್ತಿದ್ದ ಅಂಕಿಗಳು ಮಧ್ಯಾಹ್ನಕ್ಕೇ ನಿಂತಿದ್ದವು. ಮೊಳಕಾಲ್ಮೂರು ಕ್ಷೇತ್ರದಲ್ಲಿ ಶೈಲಜಾಳ ಅಪ್ಪ ಓಂಕಾರಮೂರ್ತಿ ಓಡಾಡಿದ್ದ ಅಭ್ಯರ್ಥಿಯೇ ಗೆದ್ದಿದ್ದ. ಈಗ ಸಂಜೆಯ ಕುತೂಹಲ ಬೇರೆ. ಎಣಿಕೆಯ ಹಾಲ್‌ನಲ್ಲಿ ಕುಳಿತಿದ್ದ ಏಜೆಂಟರು ಬರೆದುಕೊಂಡ ಬೂತ್‌ವಾರು ಪಟ್ಟಿ ಓಂಕಾರಮೂರ್ತಿಯವರ ಮೊಬೈಲಿಗೆ ಒಂದೊಂದು ಹಾಳೆಯಾಗಿ ಬರುತ್ತಿತ್ತು. ಯಾವ ಊರು ಎಷ್ಟು ಕೊಟ್ಟಿತು ಅನ್ನುವುದನ್ನು ಅವರು ಕನ್ನಡಕ ಮೇಲೇರಿಸಿ ಓದುತ್ತಿದ್ದರು. ಹುಡುಗರು ಮೊದಲೇ ಊಹಿಸಿ ಹೇಳಬೇಕು, ತಪ್ಪಿದವರು ನೀರು ಕುಡಿಯದೆ ಒಂದು ಮಿರ್ಚಿ ತಿನ್ನಬೇಕು. ಬಾಲರಾಜುವಿನ ಕಣ್ಣಲ್ಲಿ ಆಗಲೇ ನೀರಿತ್ತು.

"ಒಳಗೆ ಹೆಂಗಿರುತ್ತೆ ಕಾವ್ಯ? ಮಿಷಿನ್ನು?" ಎಂದು ಶೈಲಜಾ ಕೇಳಿದಳು.

ಎಲ್ಲರೂ ತನ್ನತ್ತ ತಿರುಗಿದಾಗ ಕಾವ್ಯ ಚಾಪೆಯ ಮೇಲೆ ನೇರವಾಗಿ ಕುಳಿತಳು. ಆಮೇಲೆ ಹೇಳಿದಳು. "ರಟ್ಟು ಅಡ್ಡ ಇಟ್ಟಿರ್ತಾರೆ. ಒತ್ತಿದ್ರೆ ಕುಂಯ್ ಅಂತೈತೆ. ನಮ್ಮವ್ವಂದು ಎಷ್ಟೊತ್ತಾದ್ರೂ ಕುಂಯ್ ಅನ್ಲೇ ಇಲ್ಲ. ಆಫೀಸರು, 'ಅಮ್ಮಾ, ನಿದ್ದೆ ಗಿದ್ದೆ ಬಂತಾ?' ಅಂದ್ರು. ಸಾಲಲ್ಲಿದ್ದೋರೆಲ್ಲ ನಕ್ರು. ಆಮೇಲೆ ಕುಂಯ್ ಅಂತು."

"ಬಟನ್ ಸಿಕ್ಕಿಲ್ಲ ಪಾಪ," ಎಂದಳು ಆಶಾ. ಎಲ್ಲರ ಜೊತೆ ಕಾವ್ಯಳೂ ನಕ್ಕಳು.

ಅಷ್ಟರಲ್ಲಿ ಓಂಕಾರಮೂರ್ತಿ, "ಓ, ಬಂತಮ್ಮ ನಿಮ್ಮ ಹಟ್ಟಿದು!" ಎಂದರು.

ಕಾವ್ಯಳ ಕೈಯಲ್ಲಿದ್ದ ಮಂಡಕ್ಕಿ ಅಲ್ಲೇ ನಿಂತಿತು. ಹಟ್ಟಿಯ ಓಟು ಒಡೆಯುವುದಿಲ್ಲ ಎಂಬುದು ಇಡೀ ಸೀಮೆಗೆ ಗೊತ್ತು. ಚುನಾವಣೆ ಬಂದಾಗ ಮನೆಗೊಬ್ಬ ಗಂಡಸು ಗುಡಿಯ ಮುಂದೆ ಸೇರಿ, ಗುಡಿಗೆ ಬಿಟ್ಟ ದೇವರ ಎತ್ತಿನ ಹಗ್ಗ ಮುಟ್ಟಿ, ಹಟ್ಟಿಯ ಯಜಮಾನ ಹೇಳಿದ ಕಡೆಗೇ ಮನೆಯ ಓಟೆಲ್ಲ ಎಂದು ಮಾತು ಕೊಡುತ್ತಿದ್ದ. ಯಜಮಾನ ಕ್ಯಾತಪ್ಪ ಕಾವ್ಯಳ ದೊಡ್ಡಪ್ಪ. ಅವಳನ್ನು ಮತ್ತೆ ಓದಲು ಕಳಿಸುವಾಗ ಅವನು ಹೇಳಿದ್ದು ಒಂದೇ ಮಾತು: "ಹಟ್ಟಿ ಮಾತು ಮೀರಿದ ದಿನ ಪುಸ್ತಕ ಒಲೆಗೆ." ಅಪ್ಪ ಗೋವರ್ಧನ ತಲೆಯಾಡಿಸಿದ್ದ.

ಕಾವ್ಯ ಒತ್ತಿದ್ದು ಹೊಲಿಗೆ ಯಂತ್ರದ ಗುರುತು. ಪಕ್ಷೇತರರಾಗಿ ನಿಂತಿದ್ದ ಗೀತಮ್ಮ ಒಬ್ಬರೇ ಸ್ಕೂಟರಿನಲ್ಲಿ ಹಟ್ಟಿಗೆ ಬಂದಿದ್ದರು. ಗಂಡಸರು ಮಾತಾಡಿಸಲಿಲ್ಲ. ಕಾವ್ಯಳ ಮನೆಯ ಮುಂದೆ ನಿಂತು ನೀರು ಕೇಳಿ, ಕುಡಿದು, ಚೊಂಬು ಹಿಂದಿರುಗಿಸುವಾಗ "ನಿಮ್ಮ ಹೆಸರೇನ್ರಿ?" ಎಂದು ಅವ್ವನನ್ನು ಕೇಳಿದ್ದರು. ಗೋವರ್ಧನನ ಹೆಂಡತಿ, ಕಾವ್ಯನ ಅವ್ವ ಎಂದು ಕರೆಸಿಕೊಂಡೇ ಇಪ್ಪತ್ತು ವರ್ಷ ಕಳೆದಿದ್ದ ಅವ್ವ ಒಂದು ಕ್ಷಣ ತಡೆದು, "ಚಿನ್ನಕ್ಕ" ಎಂದಿದ್ದಳು.

"ನಾನು ಹೇಳ್ತೀನಿ ಅಂಕಲ್," ಎಂದ ಬಾಲರಾಜು. "ಅವರಲ್ಲಿ ಊಹಿಸೋದೇನೈತೆ? ಪೂರ್ತಿ ನಮಗೇ."

"ತಿನ್ನು ಮಿರ್ಚಿ," ಎಂದರು ಓಂಕಾರಮೂರ್ತಿ. "ಮುನ್ನೂರ ಹನ್ನೆರಡು ಬಿದ್ದೈತೆ. ನಮಗೆ ಮುನ್ನೂರ ಹತ್ತು. ಹೊಲಿಗೆ ಮಿಷಿನ್ನಿಗೆ ಎರಡು."

ಎರಡು. ಒಂದು ಎಂದು ಕೇಳಲು ಕಾವ್ಯ ಮೂರು ದಿನದಿಂದ ಮನಸ್ಸು ಗಟ್ಟಿ ಮಾಡಿಕೊಂಡಿದ್ದಳು. ಒಂದು ಎಂದರೆ ಹಟ್ಟಿಯವರು ಬೆರಳು ತೋರಿಸುವುದು ಕಾಲೇಜಿಗೆ ಹೋಗುವವಳ ಕಡೆಗೇ. ಆದರೆ ಎರಡು?

ಓಂಕಾರಮೂರ್ತಿ ಆಗಲೇ ಫೋನು ಹಚ್ಚಿ ಸ್ಪೀಕರಿಗೆ ಹಾಕಿದ್ದರು. "ಕ್ಯಾತಪ್ಪಾ, ಭೇಷ್ ಕಣಯ್ಯ! ಮುನ್ನೂರ ಹತ್ತು!"

"ಹತ್ತಾ? ಹನ್ನೆರಡು ಅಲ್ವಾ ಸಾವ್ಕಾರ್ರೆ?" ದೊಡ್ಡಪ್ಪನ ದನಿ ಕೋಣೆ ತುಂಬಿತು. ಕಾವ್ಯ ಸೆರಗಿಲ್ಲದಿದ್ದರೂ ದುಪಟ್ಟಾವನ್ನು ತಲೆಯ ಕಡೆ ಎಳೆದುಕೊಂಡಳು.

"ಎರಡು ಗೀತಮ್ಮನಿಗೆ ಹೋಗೈತೆ. ಇರ್ಲಿ ಬಿಡು, ಗೆದ್ವಲ್ಲ."

"ಅದೆಂಗ್ ಬಿಡ್ತೀರಿ? ಯಾವನ್ರೀ ಅವ್ನು? ಹಗ್ಗ ಮುಟ್ಟಿದ ಕೈಯಲ್ಲಿ..." ಆ ಕಡೆ ಯಾರನ್ನೋ ಗದರಿದ ಸದ್ದು. "ಲೇ, ಎಲ್ಲಾ ಗಂಡಸ್ರನ್ನೂ ಗುಡಿ ಹತ್ರ ಕರೀರಲೇ! ಇವತ್ತೇ ಇನ್ನೊಂದ್ಸಲ ಹಗ್ಗ ಮುಟ್ಟಿಸ್ತೀನಿ. ಯಾವಿಬ್ರು ಅಂತ ಗೊತ್ತಾಗ್ಲಿ."

ಫೋನು ಕಟ್ಟಾಯಿತು. ಮಿರ್ಚಿ ಅಗಿಯುತ್ತಾ ಬಾಲರಾಜು, "ಅಜ್ಜೀ, ಯಾರೇ ಅವರು?" ಎಂದ.

"ನಂಗೂ ಗೊತ್ತಿಲ್ಲ," ಎಂದಳು ಕಾವ್ಯ. ಅರ್ಧ ನಿಜವಾದ್ದರಿಂದ ದನಿ ನಡುಗಲಿಲ್ಲ.

ಐದೂವರೆಯ ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಕುದಾಪುರದ ವಿಜ್ಞಾನ ಸಂಸ್ಥೆಯ ಉದ್ದನೆಯ ಕಾಂಪೌಂಡು ಗೋಡೆ ಮುಗಿಯುವವರೆಗೂ ಅವಳು ಹಟ್ಟಿಯ ಮನೆಗಳನ್ನು ಸಾಲಾಗಿ ನೆನೆದಳು. ಸೊಸೈಟಿಯಲ್ಲಿ ಕೆಲಸ ಮಾಡುವ ಮುತ್ತುರಾಜನೇ? ಅವನು ಹಗ್ಗ ಮುಟ್ಟುವಾಗ ಕಣ್ಣು ಮುಚ್ಚಿದ್ದ. ಸುಲೋಚನಮ್ಮಳೇ? ಅವಳಿಗೆ ದೊಡ್ಡಪ್ಪನನ್ನು ಕಂಡರೆ ಆಗದು, ಆದರೆ ಗಂಡನನ್ನು ಕೇಳದೆ ಸಂತೆಗೂ ಹೋಗಳು. ಎಲ್ಲ ಮುಖಗಳೂ ಇದ್ದಕ್ಕಿದ್ದಂತೆ ಹೊಸದಾಗಿ ಕಂಡವು. ಒಂದೊಂದು ಬಾಗಿಲ ಹಿಂದೆಯೂ ಯಾರೋ ಸುಮ್ಮನೆ ನಿಂತಿರುವಂತೆ.

ಅವಳು ಹಟ್ಟಿ ಮುಟ್ಟಿದಾಗ ಇನ್ನೂ ಬಿಸಿಲಿತ್ತು. ಗುಡಿಯ ಮುಂದೆ ಗಂಡಸರು ಸಾಲು ನಿಂತಿದ್ದರು. ಅಪ್ಪನೂ ಇದ್ದ, ಹೆಗಲ ಟವೆಲನ್ನು ಸೊಂಟಕ್ಕೆ ಸುತ್ತಿ. ಒಬ್ಬೊಬ್ಬರೇ ಹಗ್ಗ ಮುಟ್ಟಿ, "ನಾನಲ್ಲ, ನಮ್ಮ ಮನೆಯೋರಲ್ಲ" ಎನ್ನುತ್ತಿದ್ದರು. ದೇವರ ಎತ್ತು ಬಾಲದಿಂದ ನೊಣ ಓಡಿಸುತ್ತಿತ್ತು. ಕಾವ್ಯಳತ್ತ ಯಾರೂ ತಿರುಗಿ ನೋಡಲಿಲ್ಲ.

ಅವ್ವ ಮನೆಯ ಕಟ್ಟೆಯ ಮೇಲೆ ಬಿತ್ತನೆಯ ಶೇಂಗಾ ಸುಲಿಯುತ್ತಾ ಕೂತಿದ್ದಳು. ಕಾವ್ಯ ಚೀಲ ಇಳಿಸಿ ಪಕ್ಕದಲ್ಲಿ ಕುಳಿತಳು.

"ಉಂಡ್ಯಾ ಅಲ್ಲಿ?"

"ಮಿರ್ಚಿ ಮಂಡಕ್ಕಿ ತಿಂದೆ."

"ಹೂಂ." ಅವ್ವ ನಾಲ್ಕು ಕಾಯಿ ಸುಲಿದಳು. ಗುಡಿಯ ಕಡೆ ನೋಡದೆ, ದನಿ ತಗ್ಗಿಸಿ ಕೇಳಿದಳು. "ಏನೋ ಗಲಾಟೆ ನಡ್ದೈತಲ್ಲ. ಗೀತಮ್ಮನೋರಿಗೆ ನಮ್ಮ ಬೂತಲ್ಲಿ ಬಂತಂತಾ?"

ಗೆದ್ದವರು ಯಾರು ಎಂದು ಅವ್ವ ಕೇಳಿರಲಿಲ್ಲ.

"ಬಂತಂತೆ."

"ಒಂದಾ?"

"ಎರಡು."

ಹೆಬ್ಬೆರಳ ಕೆಳಗಿದ್ದ ಕಾಯಿ ಒಡೆಯದೆ ಹಾಗೇ ಉಳಿಯಿತು. "ಎರಡಾ?" ಎಂದಳು ಅವ್ವ. ಮುಖವೆತ್ತಿ ಮಗಳನ್ನು ನೋಡಿದಳು, ಮತಗಟ್ಟೆಯ ರಟ್ಟಿನ ಹಿಂದೆ ತೆಗೆದುಕೊಂಡಷ್ಟೇ ಹೊತ್ತು. ಕಾವ್ಯ ಕಣ್ಣು ತಗ್ಗಿಸಲಿಲ್ಲ.

ಗುಡಿಯ ಕಡೆಯಿಂದ ಅಪ್ಪನ ದನಿ ಕೇಳಿಸಿತು. "ನಾನಲ್ಲ, ನಮ್ಮ ಮನೆಯೋರಲ್ಲ."

ಕಾಯಿ ಟಪ್ಪೆಂದು ಒಡೆಯಿತು. ಅವ್ವ ಮೊರವನ್ನು ಇಬ್ಬರ ನಡುವೆ ಸರಿಸಿದಳು. ಕಾವ್ಯಳೂ ಒಂದು ಹಿಡಿ ತೆಗೆದುಕೊಂಡು ಸುಲಿಯತೊಡಗಿದಳು. ಕೆಂಪು ಬೀಜಗಳ ಮೇಲೆ ಕಪ್ಪು ಗೆರೆಯ ಎರಡು ಉಗುರುಗಳು ಹೋಗಿ ಬಂದು ಮಾಡುತ್ತಿದ್ದವು.