ಸ್ಟೇರಿಂಗಿನ ಆಟ

"ಒತ್ತು ಅಪ್ಪಾ... ಬಿಡು... ಒತ್ತು... ಈಗ ಹಿಡ್ಕೋ. ಬಿಟ್ಗಿಟ್ಟೀಯ ಮತ್ತೆ!"

ಗಾಡಿಯ ಹೊಟ್ಟೆಯಡಿಯಿಂದ ಗಗನಾ ಕೂಗಿದಳು. ಮೇಲೆ ಡ್ರೈವರ್ ಸೀಟಿನಲ್ಲಿ ಕೂತಿದ್ದ ಅಪ್ಪ ಬ್ರೇಕ್ ಪೆಡಲನ್ನು ತುಳಿದು ಹಿಡಿದ. ಅವಳು ಚಕ್ರದ ಹಿಂದೆ ಬ್ರೇಕಿನ ಗಾಳಿ ಬಿಡುವ ನಿಪ್ಪಲನ್ನು ಸಡಿಲಿಸಿದ್ದೇ ತಡ, ಪೈಪಿನ ತುದಿಯಿಂದ ಗುಳುಗುಳು ಅಂತ ಗಾಳಿ ಹೊರಟು, ಅದರ ಹಿಂದೆಯೇ ಎಣ್ಣೆ ಬಂತು. ಗುಳ್ಳೆಯೆಲ್ಲ ಮುಗಿದು ಎಣ್ಣೆ ಒಂದೇ ಎಳೆಯಾಗಿ ಇಳಿಯುವ ತನಕ ಹೀಗೇ ಮಾಡಬೇಕು. ಒಳಗೆ ಒಂದು ಗುಳ್ಳೆ ಉಳಿದರೂ ಘಾಟಿ ಇಳಿಜಾರಿನಲ್ಲಿ ಪೆಡಲು ಸೀದಾ ಪಾತಾಳಕ್ಕೆ ಹೋಗುತ್ತದೆ.

"ಭಾವ, ಕಾಲು ಅಂದ್ರೆ ನಿಮ್ದು ಕಣ್ರೀ. ಕಲ್ಲುಕಂಬ!" ಅಂದ ಹೊನ್ನೇಶ ಮಾವ, ಚಹಾದ ಲೋಟಗಳನ್ನು ಹಿಡಿದು ಬಂದವನು. ಬೀರೂರಿನ ಈ ಗ್ಯಾರೇಜು ಅವನದು. ಗಗನಾ ಡಿಪ್ಲೊಮಾ ಮುಗಿಸಿದ ಮೇಲೆ ಇಲ್ಲೇ ಕೆಲಸಕ್ಕೆ ನಿಂತಿದ್ದಳು. ಅಕ್ಕನ ಮಗಳು ಅಂತ ಒಂದು ದಿನವೂ ಬೈಗುಳದಲ್ಲಿ ರಿಯಾಯಿತಿ ಕೊಟ್ಟವನಲ್ಲ.

"ನಂಗೆ ಅರ್ಧ ಲೋಟ ಸಾಕು," ಅಂದ ಅಪ್ಪ.

"ಯಾವಾಗ್ಲೂ ಅರ್ಧವೇ. ನನ್ ಚಾ ಅಷ್ಟು ಕೆಟ್ಟೋಗಿದ್ಯಾ ಭಾವ?"

ಅಪ್ಪ ನಕ್ಕ. ಕೈಗಳನ್ನು ಮಾತ್ರ ತೊಡೆಗಳ ಸಂದಿಯಿಂದ ತೆಗೆಯಲಿಲ್ಲ. ಚಳಿಯೇನೂ ಇರಲಿಲ್ಲ. ಅಲ್ಲೇ ಇಟ್ಟುಬಿಡು, ಆರಲಿ, ಅಂದ.

ಗಾಡಿಯ ಹೆಸರು ಕಪಿಲೆ. ಯಾವುದೋ ಕಾಲದ ಮಿಲಿಟರಿ ಟ್ರಕ್ಕು, ಹರಾಜಿನಲ್ಲಿ ಬಂದದ್ದು. ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಜಾತಿ. ಹಸಿರು ಬಣ್ಣವೆಲ್ಲ ಬಿಸಿಲಿಗೆ ಬೆಂದು ಕಪ್ಪುಗೆಂಪಾಗಿ ತಿರುಗಿದ ಮೇಲೆ ಅದು ಲಿಂಗದಹಳ್ಳಿಯ ಮನೆಯಂಗಳಕ್ಕೆ ಕಾಲಿಟ್ಟಿತ್ತು. ಅಂದು ಗಗನಾಳ ಅಜ್ಜಿ ಅದರ ಹಣೆಗೆ ಕುಂಕುಮವಿಟ್ಟು, ಬಾನೆಟ್ಟಿನ ಮೇಲೆ ಒಂದು ಬೊಗಸೆ ನೆನೆಸಿದ ಹುರುಳಿಕಾಳು ಸುರಿದು, "ತಿನ್ನವ್ವಾ, ದೂರದಿಂದ ಬಂದಿದ್ದೀಯ," ಅಂದಿದ್ದಳಂತೆ. ಏರಿನಲ್ಲಿ ಅದು ಕರುವನ್ನು ಕರೆಯುವ ಹಾಗೆ ಹುಂಯ್ಗುಡುತ್ತದೆ ಅಂತ ಅವಳೇ ಹೆಸರು ಕಟ್ಟಿದ್ದು. ಅಜ್ಜಿ ಹೇಳುತ್ತಿದ್ದ ಕಥೆಗಳಲ್ಲಿ ರಾಜಕುಮಾರರೆಲ್ಲ ಕುದುರೆ ಬಿಟ್ಟು ಈ ಗಾಡಿಯನ್ನೇ ಏರಿ ಏಳು ಬೆಟ್ಟ ದಾಟುತ್ತಿದ್ದರು. ಎಲ್ಲ ರಾಜಕುಮಾರರಿಗೂ ಅಪ್ಪನದೇ ಮುಖ.

ಕಾಡಂಚಿನ ಕಣಿವೆಹಟ್ಟಿಗೆ ಬೇರೆ ಯಾವ ಗಾಡಿಯೂ ಹತ್ತುವುದಿಲ್ಲ. ಅಕ್ಕಿಮೂಟೆ, ಗ್ಯಾಸ್ ಸಿಲಿಂಡರು, ಸಿಮೆಂಟು, ಆಸ್ಪತ್ರೆಗೆ ಹೋಗಿ ಬರುವ ಬಸುರಿಯರು, ಎಲ್ಲಕ್ಕೂ ಕಪಿಲೆಯೇ. ಅಲ್ಲಿನವರು ಅಪ್ಪನನ್ನು ಚಂದ್ರಶೇಖರ ಅಂತ ಕರೆಯುವುದೇ ಇಲ್ಲ, ಡ್ರೈವರಣ್ಣ. ಮನೆಯ ತೆಂಗಿನ ತೋಟದಲ್ಲಿ ಅಪ್ಪ ಸುಮ್ಮನೆ ಒಬ್ಬ ಗಂಡಸು. ಸ್ಟೇರಿಂಗ್ ಹಿಂದೆ ಕೂತರೆ ಬೆನ್ನು ನೆಟ್ಟಗಾಗುತ್ತಿತ್ತು.

ಆದರೆ ಇತ್ತೀಚೆಗೆ ಕಪಿಲೆ ದಾರಿಯಲ್ಲಿ ಓಲಾಡುತ್ತಿತ್ತು. ಹೋದ ತಿಂಗಳು ತರೀಕೆರೆಯಲ್ಲಿ ಕಬ್ಬಿನ ಹಾಲಿನ ಗಾಡಿಯೊಂದಕ್ಕೆ ಬಂಪರ್ ತಾಗಿಸಿ, ಕಬ್ಬಿನ ಹೊರೆಯನ್ನೆಲ್ಲ ರಸ್ತೆಗೆ ಚೆಲ್ಲಿತು. ನೆರೆದವರೆಲ್ಲ ಗಾಡಿಯನ್ನೇ ಬೈದರು. "ಸ್ಟೇರಿಂಗಲ್ಲಿ ಗೇಣುದ್ದ ಆಟ ಐತೆ, ಇದನ್ನ ರೋಡಿಗೆ ತತ್ತಾರೇನ್ರೀ!" ಆಟ ಅಂದರೆ, ಚಕ್ರ ತಿರುಗುವ ಮೊದಲು ಸ್ಟೇರಿಂಗು ಸುಮ್ಮಸುಮ್ಮನೆ ಅತ್ತಿತ್ತ ಆಡುವುದು. ಅಮ್ಮ ಮೀನಾಕ್ಷಮ್ಮ ಅವತ್ತೇ ಕಡೂರಿನ ಗುಜರಿಯವನಿಗೆ ಫೋನು ಮಾಡಿದಳು. "ಅದು ನಿಮ್ಮನ್ನ ತಿಂದ್ಕೊಂಡೇ ಹೋಗೋದು. ಒಂದೋ ಗಾಡಿ ರಿಪೇರಿ ಆಗ್ಬೇಕು, ಇಲ್ಲಾ ಮನೆ ಬಿಟ್ಟು ಹೋಗ್ಬೇಕು."

ಅಪ್ಪ ಒಪ್ಪಿದ್ದು ಬ್ರೇಕಿಗೆ ಮಾತ್ರ. "ಸ್ಟೇರಿಂಗ್ ತಂಟೆಗೆ ಹೋಗ್ಬೇಡಿ. ಅದರ ಆಟ ನಂಗೊತ್ತು, ನನ್ನಾಟ ಅದಕ್ಕೊತ್ತು." ಹಾಗಂದು ಸಖರಾಯಪಟ್ಟಣಕ್ಕೆ ಗೃಹಪ್ರವೇಶಕ್ಕೆ ಹೋದ.

ಅವನು ಬರುವಷ್ಟರಲ್ಲಿ ಗಗನಾ ಸ್ಟೇರಿಂಗ್ ಬಾಕ್ಸನ್ನೇ ಬಿಚ್ಚಿ ಹರಡಿದ್ದಳು. ಸವೆದ ಬೇರಿಂಗುಗಳನ್ನು ಬದಲಿಸಿ, ಸಂದು ಸಂದುಗಳ ಜಾಯಿಂಟುಗಳನ್ನು ಹೊಸದಾಗಿ ಹಾಕಿ, ಬಾಕ್ಸಿನ ತಲೆಯ ಮೇಲಿನ ಸ್ಕ್ರೂವನ್ನು ಕೂದಲೆಳೆಯಷ್ಟೇ ಒತ್ತಿ ಬಿಗಿದಿದ್ದಳು. ಗೇಣುದ್ದದ ಆಟ ಎರಡು ಬೆರಳಿಗೆ ಇಳಿದಿತ್ತು. ಮಾವನೇ ತಿರುಗಿಸಿ ನೋಡಿ, "ಬೆಣ್ಣೆ ಕಣೇ," ಅಂದಿದ್ದ. ಅವನ ಬಾಯಲ್ಲಿ ಹೊಗಳಿಕೆ ಅಂದರೆ ಅದೇ.

ಈಗ ಅವಳು ಗಾಡಿಯಡಿಯಿಂದ ಹೊರಳಿಕೊಂಡು ಬಂದು, ಕೈ ಒರೆಸಿಕೊಳ್ಳುತ್ತ, "ಎಲ್ಲಿ, ಸ್ಟೇರಿಂಗ್ ತಿರುಗ್ಸಿ ನೋಡಪ್ಪಾ," ಅಂದಳು. ಬಹುಮಾನ ಬಚ್ಚಿಟ್ಟುಕೊಂಡ ಮಗುವಿನ ಮುಖ ಅವಳದು.

ಅಪ್ಪ ಒಂದು ಕೈ ಎತ್ತಿ ಸ್ಟೇರಿಂಗ್ ಮೇಲಿಟ್ಟ. ಚೂರು ಸರಿಸಿದ. ಮುಂದಿನ ಟೈರುಗಳು ಅಷ್ಟೇ ಚೂರು ಮಿಸುಕಿದವು. ಅವನು ತಟಕ್ಕನೆ ಕೈ ಹಿಂದೆಗೆದುಕೊಂಡ. ಬಿಸಿ ತವಾ ಮುಟ್ಟಿದ ಹಾಗೆ.

"ಯಾರು ಮುಟ್ಟಿದ್ದು ಇದನ್ನ?"

"ನಾನೇ. ಇನ್ಮೇಲೆ ಯಾವನೂ ಕಪಿಲೆ ಬಗ್ಗೆ ಕೆಮ್ಮಂಗಿಲ್ಲ."

ಅಪ್ಪ ಮತ್ತೆ ಕೈಗಳನ್ನು ತೊಡೆಗಳ ಸಂದಿಗೆ ಸೇರಿಸಿದ. ಅರ್ಧ ಲೋಟ ಚಹಾ ಹಾಗೇ ಕೆನೆಗಟ್ಟಿತ್ತು.

ಮಧ್ಯಾಹ್ನದ ಹೊತ್ತಿಗೆ ಇಬ್ಬರೂ ಹೊರಟರು. ಅಪ್ಪನೇ ಓಡಿಸಬೇಕೆಂದು ಅವಳ ಹಟ. ಬೀರೂರು ದಾಟಿ ತೆಂಗಿನ ಸಾಲುಗಳ ನಡುವೆ ರಸ್ತೆ ಚೊಕ್ಕವಾಗಿ ಬಿದ್ದಿತ್ತು. ಗಾಡಿ ವೇಗ ಹಿಡಿದಂತೆ ಮೂತಿ ಎಡಕ್ಕೆ ಹೋಯಿತು, ಬಲಕ್ಕೆ ಬಂತು, ಮತ್ತೆ ಎಡಕ್ಕೆ. ದೊಡ್ಡ ಓಲಾಟವಲ್ಲ; ಸಣ್ಣಸಣ್ಣಗೆ, ಬಿಡದೆ, ಜ್ವರ ಬಂದ ಹಸುವಿನ ಚರ್ಮ ಅದುರಿದ ಹಾಗೆ. ಎದುರು ಬಂದ ಬಸ್ಸಿನವನು ಉದ್ದಕ್ಕೆ ಹಾರನ್ ಒತ್ತಿದ.

"ನಿಲ್ಸಪ್ಪಾ! ಎಲ್ಲೋ ನಟ್ ಸಡಿಲ ಆಗಿರ್ಬೇಕು."

ಬ್ರೇಕು ಗಾಡಿಯನ್ನು ಎಳೆದು ಹಿಡಿದಂತೆ ನಿಲ್ಲಿಸಿತು. ಗಗನಾ ಸ್ಪ್ಯಾನರ್ ಹಿಡಿದು ಇಳಿದು ಕೆಳಗೆ ನುಗ್ಗಿದಳು. ಒಂದೊಂದೇ ಜಾಯಿಂಟನ್ನು ಹಿಡಿದು ಜಗ್ಗಿದಳು. ಎಲ್ಲವೂ ಬಿಗಿಯಾಗಿದ್ದವು. ಆದರೂ ಅವಳ ಕಣ್ಣೆದುರೇ, ನಿಂತ ಗಾಡಿಯಲ್ಲಿ ಸ್ಟೇರಿಂಗಿನಿಂದ ಚಕ್ರಕ್ಕೆ ಹೋಗುವ ಉದ್ದನೆಯ ಕಬ್ಬಿಣದ ರಾಡು ಹಿಂದೆ ಮುಂದೆ, ಹಿಂದೆ ಮುಂದೆ, ಒಂದೇ ಲಯದಲ್ಲಿ ಮಿಡಿಯುತ್ತಿತ್ತು.

"ಸ್ಟೇರಿಂಗ್ ಯಾಕೆ ಆಡಿಸ್ತಿದ್ದೀಯ? ಸುಮ್ನೆ ಹಿಡ್ಕೊಂಡಿರು ಅಪ್ಪಾ!"

"ಸುಮ್ನೇ ಹಿಡ್ಕೊಂಡಿದೀನಿ ಮಗಾ."

ಅವಳು ಎದ್ದು ಬಂದು ಬಾಗಿಲ ಬಳಿ ನಿಂತಳು. ಅಪ್ಪ ಎರಡೂ ಕೈಯಲ್ಲಿ ಸ್ಟೇರಿಂಗನ್ನು ಅವುಚಿ ಹಿಡಿದಿದ್ದ. ಬೆರಳ ಗಿಣ್ಣುಗಳು ಬೆಳ್ಳಗಾಗಿದ್ದವು. ಕೈಗಳು ನಡುಗುತ್ತಿದ್ದವು, ಮುಂಗೈಯಿಂದ ಮೊಣಕೈತನಕ, ತಮ್ಮ ಪಾಡಿಗೆ ತಾವು, ಅಪ್ಪನನ್ನು ಕೇಳದೆ.

ಅರ್ಧ ಲೋಟದ ಚಹಾ ನೆನಪಾಯಿತು. ಅಂಗಿಯ ಗುಂಡಿಗಳನ್ನು ಅಮ್ಮ ಹಾಕುತ್ತಿದ್ದುದು. ಮದುವೆ ಊಟದಲ್ಲಿ ಸಾರು ಬೇಡ, ಗಟ್ಟಿ ಮೊಸರು ಸಾಕು ಅನ್ನುತ್ತಿದ್ದುದು. ಎಲ್ಲ ಕಣ್ಣಮುಂದೆಯೇ ಇತ್ತು. ಕಣ್ಣು ಮಾತ್ರ ಗಾಡಿಯ ಮೇಲಿತ್ತು.

"ಯಾವಾಗಿಂದ?"

"ಎರಡು ಮಳೆಗಾಲ ಆಯ್ತು. ಶಿವಮೊಗ್ಗದ ಡಾಕ್ಟ್ರು ಮಾತ್ರೆ ಕೊಟ್ಟವ್ರೆ. ನಿಲ್ಲೋದಲ್ಲ ಅಂದ್ರು. ಕಾಯಿಲೆ ವಿಷ್ಯ ನಿಮ್ಮಮ್ಮಂಗೆ ಹೇಳಿಲ್ಲ. ಕೈ ಜೋಮು ಹಿಡಿತದೆ ಅಂದಿದೀನಿ." ಅಪ್ಪ ರಸ್ತೆಯನ್ನೇ ನೋಡುತ್ತಿದ್ದ. "ಮೊದ್ಲು ಆ ಆಟ ಇತ್ತಲ್ಲ, ಅದರೊಳಗೇ ಮುಗಿದುಹೋಗೋದು ಈ ನಡುಕ. ಟೈರಿನ ತನಕ ಹೋಗ್ತಿರಲಿಲ್ಲ. ಕೈ ಎಷ್ಟು ಆಡಿದ್ರೂ ಕಪಿಲೆ ನುಂಗ್ಕೊಳ್ಳೋಳು. ಆಮೇಲಾಮೇಲೆ ನಡುಕ ದೊಡ್ದಾಯ್ತು, ಅವಳಿಗೂ ನುಂಗಾಕಾಗ್ದೆ ಓಲಾಡಿದ್ಲು. ಜನ ಗಾಡಿ ಬೈದ್ರು. ಬೈಲಿ ಅಂತ ಸುಮ್ಕಿದ್ದೆ."

ಯಾವ ಮಾತು ತೆಗೆದರೂ ಅದು ತನ್ನ ಕೈಯಲ್ಲಿನ ಸ್ಪ್ಯಾನರಿನಷ್ಟೇ ತಣ್ಣಗಿರುತ್ತದೆ ಅನ್ನಿಸಿತು ಗಗನಾಳಿಗೆ.

"ಗಗ್ಗೀ," ಅಪ್ಪ ಮೆಲ್ಲಗೆ ಅಂದ. ಪೇಟೆಯಲ್ಲಿ ಮಿಠಾಯಿ ಕೇಳುವಾಗ ಒಂದು ಕಾಲಕ್ಕೆ ಅವಳದಿದ್ದ ದನಿ ಅದು. "ಸ್ವಲ್ಪ ಆಟ ಬಿಡೇ. ಮೇಲಿನ ಸ್ಕ್ರೂ ಒಂದೇ ಒಂದು ಸುತ್ತು. ಕಣಿವೆಹಟ್ಟಿ ದಾರಿ ನಂಗೆ ಕಣ್ಮುಚ್ಚಿದ್ರೂ ಗೊತ್ತು. ನಿಧಾನಕ್ಕೆ ಹೋಯ್ತೀನಿ."

ಅವಳು ಬಾನೆಟ್ ಎತ್ತಿದಳು. ಸ್ಕ್ರೂವನ್ನು ಹಿಡಿದಿಟ್ಟ ನಟ್ಟಿಗೆ ಸ್ಪ್ಯಾನರ್ ಕೊಟ್ಟಳು. ಎತ್ತಿದ ಬಾನೆಟ್ಟಿನ ಮರೆಯಲ್ಲಿ ಅಪ್ಪ ಕಾಣುತ್ತಿರಲಿಲ್ಲ. ಒಂದು ಸುತ್ತು. ಮಾಡುವುದು ಎಷ್ಟು ಸುಲಭ! ನಟ್ಟು ಸಡಿಲವಾಯಿತು. ಹೋದ ವಾರವಷ್ಟೇ ಕಣಿವೆಹಟ್ಟಿಯ ತ್ರಿವೇಣಿ ತುಂಬಿದ ಹೊಟ್ಟೆ ಹಿಡಿದುಕೊಂಡು ಇದೇ ಗಾಡಿಯ ಹಿಂದೆ ಅಕ್ಕಿಮೂಟೆಗೊರಗಿ ಕೂತಿದ್ದಳು. ತಿರುವಿನಲ್ಲಿ ಕೆಳಗಿನ ಕೊರಕಲು ನೋಡಿ, "ಡ್ರೈವರಣ್ಣ ಇದ್ರೆ ನಂಗ್ಯಾವ ಭಯ," ಅಂದಿದ್ದಳು. ಗಗನಾ ಸ್ಕ್ರೂವಿನ ಮೇಲೆ ಇಟ್ಟ ಕೈಯನ್ನು ಅಲ್ಲೇ ಇಟ್ಟುಕೊಂಡು ನಿಂತಳು. ಆಮೇಲೆ ಸ್ಕ್ರೂವನ್ನು ಮುಟ್ಟದೆ, ನಟ್ಟನ್ನು ಮತ್ತೆ ಬಿಗಿದಳು.

ಒಳಗಿನಿಂದ ಅಪ್ಪ ಅಂದ: "ಬಿಗಿ ಮಾಡ್ದೆ ಅಲ್ವಾ?"

ಸದ್ದಿನಲ್ಲೇ ತಿಳಿದುಕೊಂಡಿದ್ದ. ಅವಳು ಬಾನೆಟ್ ಇಳಿಸಿದಾಗ ಅವನು ಆಗಲೇ ಎಡಗಡೆಯ ಸೀಟಿಗೆ ಸರಿದು ಕೂತಿದ್ದ. ಟವೆಲನ್ನು ಕೈಗಳ ಮೇಲೆ ಹೊದಿಸಿಕೊಂಡಿದ್ದ.

ಮರುದಿನ ಬೆಳಿಗ್ಗೆ ಸಿಲಿಂಡರುಗಳನ್ನು ಹೇರಿಕೊಂಡು ಕಪಿಲೆ ಬೆಟ್ಟ ಹತ್ತಿತು. ಹಿಂದೆ ಕಂಬಿ ಹಿಡಿದು ನಿಂತಿದ್ದ ಕಣಿವೆಹಟ್ಟಿಯ ಕರಿಸಿದ್ದಪ್ಪ ಲಿಂಗದಹಳ್ಳಿ ಬಿಟ್ಟಾಗಿಂದ ಬಾಯಿ ಮುಚ್ಚಿರಲಿಲ್ಲ.

"ಏನಪ್ಪಾ ಡ್ರೈವರಣ್ಣ, ಪೆನ್ಸನ್ ಬಂತಾ? ಹೆಣ್ಮಗು ಕೈಗೆ ಕೊಟ್ಟು ಮಾರಾಜನಂಗೆ ಕೂತ್ಬಿಟ್ಟೆ!"

"ಕಲಿಸ್ತಿದೀನಿ ಕಣೋ. ನಾಳೆ ನಿನ್ ಹೆಣ ಹೊರೋಕೂ ಒಬ್ರು ಬೇಕಲ್ಲ."

ಕರಿಸಿದ್ದಪ್ಪ ಹೋ ಅಂತ ನಕ್ಕ. "ಗೇರು ಇಳಿಸು," ಅಂದ ಅಪ್ಪ, ಅವಳು ಆಗಲೇ ಇಳಿಸಿದ್ದರೂ. "ಹೂಂ ಅಪ್ಪಾ," ಅಂದಳು ಗಗನಾ. "ಬಲಕ್ಕೆ ಹಿಡಿ." "ಹೂಂ." ಕಪಿಲೆ ಹೇಳಿದಲ್ಲಿ ತಿರುಗಿತು, ಹೇಳಿದಲ್ಲಿ ನಿಂತಿತು. ಏರಿನಲ್ಲಿ ಹುಂಯ್ಗುಟ್ಟಿತು.

ತ್ರಿವೇಣಿಯ ಮನೆಯಂಗಳಕ್ಕೆ ರಿವರ್ಸಿನಲ್ಲೇ ಹೋಗಬೇಕು. ಅಂಗಳದ ಅಂಚು ಮುಗಿದರೆ ನೇರ ಕೊರಕಲು. ಕರಿಸಿದ್ದಪ್ಪ ತನ್ನ ಸಿಲಿಂಡರನ್ನು ಹೆಗಲಿಗೇರಿಸಿಕೊಂಡು ಆಗಲೇ ಕಾಲುದಾರಿ ಹಿಡಿದಿದ್ದ. "ಹಿಂದೆ ನಾನು ನೋಡ್ಕೋತೀನಿ, ನೀನು ಕನ್ನಡಿ ನಂಬಬೇಡ," ಅನ್ನುತ್ತ ಅಪ್ಪ ಇಳಿದ. ಕ್ಲೀನರುಗಳ ಪದ್ಧತಿ ಅವಳಿಗೆ ಗೊತ್ತು: ಬಾಡಿಯನ್ನು ಎರಡು ಸಲ ತಟ್ಟಿದರೆ ಬಾ, ಒಂದೇ ಸಲ ತಟ್ಟಿದರೆ ನಿಲ್ಲು. ಅವಳು ನಿಧಾನಕ್ಕೆ ಹಿಂದೆ ಬಿಟ್ಟಳು. ತಗಡಿನ ಮೇಲೆ ಅಪ್ಪನ ಅಂಗೈ ಬಿತ್ತು.

ಟಪ್. ಟಪ್ಪ ಟಪ್. ಟಪ್ ಟಪ್ಪ ಟಪ್ಪ...

ಬಾ ಅಂತಲೋ ನಿಲ್ಲು ಅಂತಲೋ, ಎಣಿಕೆಗೆ ಸಿಗಲಿಲ್ಲ; ಗಗನಾ ಬ್ರೇಕ್ ತುಳಿದಳು. ಗಾಡಿ ಇದ್ದಲ್ಲೇ ಕಚ್ಚಿ ನಿಂತಿತು. ಪೆಡಲಿನ ಮೇಲೆ ಕಾಲನ್ನು ಹಾಗೇ ಒತ್ತಿ ಹಿಡಿದು, ಕತ್ತು ಹೊರಹಾಕಿ ನೋಡದೆ, ಅವಳು ನಿಲ್ಲದ ಆ ಸದ್ದಿಗೆ ಕಿವಿಗೊಟ್ಟು ಕೂತಳು.