ಎಡಚಿಯ ಕೈ

ಗಿರಣಿಯ ಹಳೆಯ ಗೋದಾಮಿನಲ್ಲಿ ನಾಟಕದ ತಾಲೀಮು ನಡೆದಿತ್ತು. ಒಂದೇ ಬಗೆಯ ಮಗ್ಗಕ್ಕೆ ಗಂಡಸರ ಅರ್ಧ ಕೂಲಿ ಪಡೆಯುತ್ತಿದ್ದ ಹೆಂಗಸರು ಕೆಲಸ ನಿಲ್ಲಿಸಿ ಹೊರಬಿದ್ದ ಕಥೆ, ಉದ್ದಕ್ಕೂ ಹಾಡು. ಅಂದು ಮೊದಲ ಮಗ್ಗ ನಿಲ್ಲಿಸಿದವಳೆಂದು ಊರು ನಂಬಿದ್ದ ಮುದುಕಿಯನ್ನು ಮುಂದಿನ ಕುರ್ಚಿಯಲ್ಲಿ ಕೂರಿಸಿದ್ದರು.

"ಅಜ್ಜೀ, ಮಗ್ಗ ನಿಲ್ಲಿಸೋ ಹಿಡಿಕೆ ಎಳೆದದ್ದು ಯಾವ ಕೈಲಿ?" ನಾಟಕ ಆಡಿಸುವ ಹುಡುಗಿ ಕೇಳಿದಳು.

"ಎಡಗೈಲಿ ಕಣೇ."

"ಲೋಟ ಹಿಡಿದಿರೋದು ಬಲಗೈಲಿ!" ನಾಯಕಿಯ ಪಾತ್ರದವಳು ನಕ್ಕಳು. "ಹೋರಾಟಕ್ಕೊಂದು ಕೈ, ಟೀಗೊಂದು ಕೈನಾ ಅಜ್ಜಿ?"

ಎಲ್ಲರೂ ನಕ್ಕರು. ಮುದುಕಿ ಲೋಟವನ್ನು ಕೆಳಗಿಟ್ಟಳು.

ನಿಜಕ್ಕೂ ಎಡಗೈಯವಳು ಮುದುಕಿಯ ಪಕ್ಕದ ಮಗ್ಗದ ಗೆಳತಿ, ಎಲ್ಲರ ಬಾಯಲ್ಲೂ ಎಡಚಿ; ಹಲ್ಲಿನಲ್ಲಿ ಸದಾ ನೂಲಿನ ತುದಿ ಕಚ್ಚಿಕೊಂಡಿರುತ್ತಿದ್ದಳು. ಅಂದು ಸಾಲಿನಲ್ಲಿ ಮೊದಲು ನಿಂತದ್ದು ಮುದುಕಿಯ ಮಗ್ಗ. ಅದನ್ನು ಎಲ್ಲರೂ ಕಂಡರು. ಪಕ್ಕದಿಂದ ಬಾಗಿ ಹಿಡಿಕೆ ಎಳೆದ ಎಡಚಿಯ ಕೈಯನ್ನು ಯಾರೂ ಕಾಣಲಿಲ್ಲ. ಆ ವಾರವೇ ಜ್ವರ ಬಂದು ಮಲಗಿದ ಎಡಚಿ ಮತ್ತೆ ಮೇಲೇಳಲೇ ಇಲ್ಲ. ಜನ ಬಂದು ಹೊಗಳಿದಾಗ ಈಕೆ ತಲೆ ಬಗ್ಗಿಸಿದಳು. ಅದನ್ನೇ ವಿನಯ ಎಂದುಕೊಂಡರು. ಆಮೇಲೆ ಬಾಯಿ ಬಿಡುವುದು ವರ್ಷದಿಂದ ವರ್ಷಕ್ಕೆ ಕಷ್ಟವಾಗುತ್ತ ಹೋಯಿತು.

"ಮಗ್ಗದ ಸದ್ದು ಹಾಕಿ!" ಹುಡುಗಿ ಕೂಗಿದಳು.

ಸ್ಪೀಕರ್ ಪೆಟ್ಟಿಗೆಗಳಿಂದ ಸದ್ದು ಧೋ ಎಂದು ಸುರಿಯಿತು. ಹಾಡು ಅದರಡಿ ಮುಳುಗಿಹೋಯಿತು. ಹಿಂದೆ ಇಂಥ ಸದ್ದಿನಲ್ಲಿ ಗಿರಣಿಯ ಹೆಂಗಸರು ತುಟಿ ನೋಡಿಯೇ ಮಾತಾಡಿಕೊಳ್ಳುತ್ತಿದ್ದರು. ಹಳೆಯ ರೂಢಿ, ಮುದುಕಿಯ ಕಣ್ಣು ತುಟಿಯಿಂದ ತುಟಿಗೆ ಸರಿಯಿತು. ಹಾಡುವ ತುಟಿಗಳು. ಮತ್ತೂ ಹಾಡುವ ತುಟಿಗಳು. ರಂಗದ ಮೇಲಿಟ್ಟಿದ್ದ ಕೊನೆಯ ಮಗ್ಗದ ಹಿಂದೆ, ಯಾರನ್ನೂ ನಿಲ್ಲಿಸದ ಕಡೆ, ಹಾಡದ ಬಾಯೊಂದು. ಹಲ್ಲಿನಲ್ಲಿ ನೂಲಿನ ತುದಿ ಕಚ್ಚಿಕೊಂಡೇ ಅದು ಅಂದಿತು: ಹೇಳ್ಬಿಡೇ, ಕತ್ತೆ.

ಮುದುಕಿ ಎದ್ದು, ಮೆಟ್ಟಿಲು ತಡವಿಕೊಂಡು ರಂಗ ಹತ್ತಿದಳು. ಯಾರೋ ಸದ್ದು ನಿಲ್ಲಿಸಿದರು.

"ನಾನಲ್ಲ ಕಣ್ರಮ್ಮ. ನನ್ನ ಮಗ್ಗ ನಿಲ್ಲಿಸಿದ್ದು ಎಡಚಿ."

ಹುಡುಗಿ ರಂಗದ ಅಂಚಿಗೆ ಬಂದಳು. "ಮತ್ತೆ... ನೀವೇನು ಮಾಡಿದ್ರಿ?"

ಕೊನೆಯ ಮಗ್ಗದ ಹಿಂದೆ ಈಗ ಬರೀ ಗೋಡೆ. ಮುದುಕಿ ತನ್ನ ಬಲ ಮಣಿಕಟ್ಟನ್ನು ಸವರಿಕೊಂಡಳು.

"ಮಗ್ಗ ತಿರುಗಿ ಓಡಿಸೋಕೆ ಕೈ ಹಾಕಿದೆ. ಅವಳು ಇಲ್ಲಿ ಹಿಡ್ಕೊಂಡಳು. ಇನ್ನೂ ಬಿಟ್ಟಿಲ್ಲ."